ಕೂಡಿಸಿ ಕಳೆಯಲು ಬರುತ್ತದೆ, ವಾಕ್ಯದ ಲೆಕ್ಕ ಮಾತ್ರ ತಪ್ಪುತ್ತದೆ

ಪ್ರಶ್ನೆ: ಮಗಳು ಐದನೇ ತರಗತಿ, ಇಂಗ್ಲಿಷ್ ಮಾಧ್ಯಮ. ಮನೆಯಲ್ಲಿ ತುಳು. ಗುಣಾಕಾರ, ಭಾಗಾಕಾರ ಎಲ್ಲ ಸರಿಯಾಗಿ ಮಾಡುತ್ತಾಳೆ. ವಾಕ್ಯದ ಲೆಕ್ಕ ಬಂದರೆ ಮಾತ್ರ "ಪ್ಲಸ್ಸಾ, ಮೈನಸ್ಸಾ?" ಎಂದು ನನ್ನ ಮುಖ ನೋಡುತ್ತಾಳೆ. ‘ಮೋರ್’ ಅಂದರೆ ಕೂಡಿಸು, ‘ಲೆಸ್’ ಅಂದರೆ ಕಳೆ ಎಂದು ಹೇಳಿಕೊಟ್ಟರೂ ತಪ್ಪುತ್ತಾಳೆ. ಟ್ಯೂಶನ್‌ಗೆ ಹಾಕಬೇಕೆ?
– ಒಬ್ಬ ತಾಯಿ, ಕಟಪಾಡಿ

ಉತ್ತರ: ಟ್ಯೂಶನ್ ಯೋಚನೆಗೆ ಮೊದಲು ನೀವು ಹೇಳಿಕೊಟ್ಟ ಆ ಸೂತ್ರವನ್ನು ಮರೆಸಿ. ಈ ಲೆಕ್ಕ ಕೊಟ್ಟು ನೋಡಿ: "ಇವತ್ತು ಒಂದು ಚೆಂಡು ಮಲ್ಲಿಗೆಗೆ 240 ರೂಪಾಯಿ. ಇದು ನಿನ್ನೆಯ ದರಕ್ಕಿಂತ 60 ರೂಪಾಯಿ ಹೆಚ್ಚು. ನಿನ್ನೆ ಎಷ್ಟಿತ್ತು?" ‘ಹೆಚ್ಚು’ ಕಂಡ ಕೂಡಲೇ ಕೂಡಿಸುವ ಮಗು 300 ಎನ್ನುತ್ತದೆ. ಸರಿಯುತ್ತರ 180. ಒಂದು ಪದ ಹಿಡಿದು ಚಿಹ್ನೆ ಆರಿಸುವ ಮಗು ವಾಕ್ಯವನ್ನು ಓದುವುದೇ ಇಲ್ಲ. ಸಣ್ಣ ತರಗತಿಯಲ್ಲಿ ಈ ಉಪಾಯ ಹೇಗೋ ನಡೆಯುತ್ತದೆ, ನಾಲ್ಕು, ಐದಕ್ಕೆ ಬಂದಾಗ ಕೈಕೊಡುತ್ತದೆ.

ಇನ್ನು ತಪ್ಪು ಎಲ್ಲಿ ಆಗುತ್ತಿದೆ ಎಂದು ಪತ್ತೆ ಮಾಡಬೇಕು. ಆಸ್ಟ್ರೇಲಿಯಾದ ಆ್ಯನ್ ನ್ಯೂಮನ್ 1970ರ ದಶಕದಲ್ಲಿ ರೂಪಿಸಿದ ಕ್ರಮ ಇದಕ್ಕೆ ಇವತ್ತಿಗೂ ಒಳ್ಳೆಯದು. ಅವಳು ತಪ್ಪಿದ ನಾಲ್ಕೈದು ಲೆಕ್ಕಗಳನ್ನು ಹೊಸ ಹಾಳೆಯಲ್ಲಿ ಬರೆದುಕೊಡಿ, ಹಳೆಯ ಉತ್ತರ ಕಾಣಬಾರದು. ಒಂದೊಂದಕ್ಕೂ ಐದು ಮಾತು ಕೇಳಿ: ಗಟ್ಟಿಯಾಗಿ ಓದು, ಏನು ಕೇಳಿದ್ದಾರೆ ಹೇಳು, ಹೇಗೆ ಮಾಡುತ್ತಿ, ಈಗ ಮಾಡುತ್ತಾ ಬಾಯಲ್ಲೂ ಹೇಳು, ಉತ್ತರವನ್ನು ಪೂರ್ತಿ ವಾಕ್ಯದಲ್ಲಿ ಬರೆ. ಮಧ್ಯೆ ಬಾಯಿ ಹಾಕಬೇಡಿ, ತಿದ್ದಬೇಡಿ. ಅವಳು ಮೊದಲು ಎಡವುವ ಹೆಜ್ಜೆಯೇ ನಿಮಗೆ ಬೇಕಾದ ಮಾಹಿತಿ. ನೀವು ಬರೆದದ್ದನ್ನು ನೋಡಿದರೆ ಅವಳು ನಾಲ್ಕನೆಯ ಹೆಜ್ಜೆಯಲ್ಲಿ ಗಟ್ಟಿ, ತೊಡಕು ಇರುವುದು ಎರಡು ಅಥವಾ ಮೂರರಲ್ಲಿ. ಟ್ಯೂಶನ್‌ನಲ್ಲಿ ಸಾಮಾನ್ಯವಾಗಿ ನಾಲ್ಕನೆಯದನ್ನೇ ಇನ್ನಷ್ಟು ತಿಕ್ಕುತ್ತಾರೆ.

ಎರಡೋ ಮೂರೋ ಎಂದು ತಿಳಿಯಲು ಅದೇ ಲೆಕ್ಕವನ್ನು ತುಳುವಿನಲ್ಲಿ ಹೇಳಿ. ತಕ್ಷಣ ಮಾಡಿದರೆ ಅವಳಿಗೆ ಗಣಿತ ಬರುತ್ತದೆ, ತೊಡಕು ಇಂಗ್ಲಿಷ್ ವಾಕ್ಯದ್ದು. ತುಳುವಿನಲ್ಲಿ ಹೇಳಿದರೂ ನಿಂತರೆ, ಸಂದರ್ಭವನ್ನು ಲೆಕ್ಕವಾಗಿ ಬದಲಿಸುವುದು ಕಲಿಯಬೇಕಾಗಿದೆ ಎಂದರ್ಥ.

ಎರಡಕ್ಕೂ ಅಭ್ಯಾಸ ಹೀಗಿರಲಿ. ದಿನಕ್ಕೆ ಎರಡೇ ಲೆಕ್ಕ, ಹತ್ತು ನಿಮಿಷ. ಮೊದಲು ಅಂಕೆಗಳನ್ನು ಬೆರಳಿನಿಂದ ಮುಚ್ಚಿ ಓದಿಸಿ: "ಇವತ್ತಿನ ದರ ಇಷ್ಟು. ನಿನ್ನೆಗಿಂತ ಇಷ್ಟು ಹೆಚ್ಚು." ಅಂಕೆ ಕಾಣದಿದ್ದರೆ ಕೂಡಿಸುವ ಆತುರವೂ ಇರುವುದಿಲ್ಲ. ಕಥೆಯನ್ನು ತುಳುವಿನಲ್ಲೇ ಹೇಳಲಿ, ಅದರಿಂದ ಇಂಗ್ಲಿಷ್ ಕೆಡುತ್ತದೆಂಬ ಭಯ ಬೇಡ. ಆಮೇಲೆ ಒಂದರ ಕೆಳಗೊಂದು ಎರಡು ಪಟ್ಟಿ ಎಳೆಯಲಿ. ಯಾವುದು ಉದ್ದ, ಇವತ್ತಿನದೋ ನಿನ್ನೆಯದೋ? ಹೆಚ್ಚಿನ ತುಂಡಿಗೆ 60, ಇಡೀ ಉದ್ದದ ಪಟ್ಟಿಗೆ 240 ಎಂದು ಬರೆದರೆ, ಕಳೆಯಬೇಕೆಂಬುದು ಚಿತ್ರದಲ್ಲೇ ಕಾಣುತ್ತದೆ. ಕೊನೆಗೆ ಉತ್ತರವನ್ನು ಇಂಗ್ಲಿಷ್ ವಾಕ್ಯದಲ್ಲಿ ಬರೆಸಿ. ಈ ಹೆಜ್ಜೆ ಬಿಟ್ಟರೆ ಪರೀಕ್ಷೆಯ ಭಾಷೆ ಕೈಗೆ ಹತ್ತುವುದಿಲ್ಲ.

ಇಂಗ್ಲಿಷಿನ ಸಣ್ಣ ಪದಗಳನ್ನು ಬೇರೆಯಾಗಿಯೇ ಕಲಿಸಬೇಕು. ‘ರೆಡ್ಯೂಸ್ಡ್ ಟು 20’ ಎಂದರೆ 20ಕ್ಕೆ ಇಳಿಯಿತು, ‘ರೆಡ್ಯೂಸ್ಡ್ ಬೈ 20’ ಎಂದರೆ 20ರಷ್ಟು ಇಳಿಯಿತು. ‘ಸಬ್‌ಟ್ರ್ಯಾಕ್ಟ್ 7 ಫ್ರಮ್ 20’ ಎಂಬಲ್ಲಿ 7 ಮೊದಲು ಬರುವುದರಿಂದ ಮಕ್ಕಳು 7 − 20 ಬರೆಯುತ್ತಾರೆ. ನಮ್ಮ "20ರಿಂದ 7 ಕಳೆ" ಚಿಹ್ನೆಯ ಕ್ರಮದಲ್ಲೇ ಇದೆ, ಹಾಗಾಗಿ ಇಂಗ್ಲಿಷ್ ವಾಕ್ಯವನ್ನು ಒಮ್ಮೆ ಕನ್ನಡದಲ್ಲಿ ಅಂದುಕೊಂಡು ಬರೆಯುವುದು ಒಳ್ಳೆಯ ಉಪಾಯ.

ಪ್ರಶ್ನೆ: ಎಂಟನೇ ತರಗತಿಗೆ ಬೀಜಗಣಿತ ಕಲಿಸುತ್ತೇನೆ. ಸಮೀಕರಣ ಬಿಡಿಸುತ್ತಾರೆ, ಹೇಳಿಕೆಯಿಂದ ಸಮೀಕರಣ ಬರೆಯುವಾಗ ತಿರುಗಮುರುಗ ಮಾಡುತ್ತಾರೆ. ಪ್ರಶ್ನೆ ಕೇಳಿದರೆ ತರಗತಿಯೇ ಮೌನ.
– ಶಿಕ್ಷಕರು, ಬಂಟ್ವಾಳ

ಉತ್ತರ: ಒಂದು ಅಟ್ಟೆ ಮಲ್ಲಿಗೆಗೆ 4 ಚೆಂಡು. ಅಟ್ಟೆಗಳ ಸಂಖ್ಯೆ ‘ಅ’, ಚೆಂಡುಗಳ ಸಂಖ್ಯೆ ‘ಚ’ ಆದರೆ ಸಮೀಕರಣ ಯಾವುದು? ಹಲವರು ಅ = 4ಚ ಎಂದು ಬರೆಯುತ್ತಾರೆ, ಏಕೆಂದರೆ ಬಾಯಲ್ಲಿ "ಒಂದು ಅಟ್ಟೆ ಎಂದರೆ ನಾಲ್ಕು ಚೆಂಡು" ಎಂದೇ ಹೇಳುತ್ತೇವೆ. ಅಕ್ಷರವನ್ನು ಅವರು ವಸ್ತುವಿನ ಹೆಸರೆಂದು ಓದುತ್ತಾರೆ, ಸಂಖ್ಯೆಯೆಂದು ಓದುವುದಿಲ್ಲ. ಇದು ದಡ್ಡತನವಲ್ಲ. ಅಮೆರಿಕದಲ್ಲಿ ಕ್ಲೆಮೆಂಟ್ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, "ಪ್ರಾಧ್ಯಾಪಕರ 6 ಪಟ್ಟು ವಿದ್ಯಾರ್ಥಿಗಳು" ಎಂಬ ಹೇಳಿಕೆಯಲ್ಲಿ ಮೊದಲ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮೂರನೇ ಒಂದಕ್ಕಿಂತ ಹೆಚ್ಚು ಮಂದಿ ತಪ್ಪಿದ್ದರು.

ಪರಿಹಾರ ಎರಡು. ‘ಅ = ಅಟ್ಟೆ’ ಎಂದು ಬೋರ್ಡಿನಲ್ಲಿ ಎಂದೂ ಬರೆಯಬೇಡಿ, ‘ಅ = ಅಟ್ಟೆಗಳ ಸಂಖ್ಯೆ’ ಎಂದೇ ಪೂರ್ತಿ ಬರೆಯಿರಿ. ಸಮೀಕರಣ ಬರೆದ ಮೇಲೆ ಸಂಖ್ಯೆ ಹಾಕಿ ಪರೀಕ್ಷಿಸಲಿ: 5 ಅಟ್ಟೆಗೆ 20 ಚೆಂಡು. ಅ = 4ಚ ಆದರೆ 5 = 80, ಸುಳ್ಳು. ಚ = 4ಅ ಆದರೆ 20 = 20.

ಮೌನದ ಬಗ್ಗೆ: ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅವರು ವಿಜ್ಞಾನ ತರಗತಿಗಳಲ್ಲಿ ಗಮನಿಸಿದಂತೆ, ಶಿಕ್ಷಕರು ಪ್ರಶ್ನೆ ಕೇಳಿ ಸುಮಾರು ಒಂದು ಸೆಕೆಂಡು ಮಾತ್ರ ಕಾಯುತ್ತಾರೆ. ಮೂರು ಸೆಕೆಂಡು ಕಾದರೆ ಉತ್ತರ ಉದ್ದವಾಗುತ್ತದೆ, ಹೆಚ್ಚು ಮಕ್ಕಳು ಬಾಯಿ ಬಿಡುತ್ತಾರೆ. ಮೊದಲು ಪಕ್ಕದವರೊಂದಿಗೆ ತುಳು, ಕನ್ನಡ, ಬ್ಯಾರಿ ಯಾವುದರಲ್ಲಾದರೂ ಒಂದು ನಿಮಿಷ ಮಾತಾಡಲಿ, ಆಮೇಲೆ ತರಗತಿಗೆ ಹೇಳಲಿ. ಆಗ ಪದದ ಬಗ್ಗೆ ಕಟ್ಟುನಿಟ್ಟಾಗಿರಿ: ಚತುರ್ಭುಜದ ಕರ್ಣವನ್ನೂ ಲಂಬಕೋನ ತ್ರಿಭುಜದ ವಿಕರ್ಣವನ್ನೂ "ಆ ಓರೆ ಗೆರೆ" ಎಂದರೆ ಬಿಡಬೇಡಿ. ವಿದ್ಯಾರ್ಥಿ ಹೇಳಿದ್ದನ್ನೇ ಸರಿಯಾದ ಪದ ಹಾಕಿ ನೀವು ಪುನಃ ಹೇಳಿ, "ಹೀಗೆ ತಾನೇ?" ಎಂದು ಆ ವಿದ್ಯಾರ್ಥಿಯನ್ನೇ ಕೇಳಿ.

ಪ್ರಶ್ನೆ: ಒಂದನೇ ತರಗತಿಯ ಮೊಮ್ಮಗ 25 ಅಂದರೆ 52 ಬರೆಯುತ್ತಾನೆ. ಮನೆಮಾತು ಕೊಂಕಣಿ.
– ಹಿರಿಯರೊಬ್ಬರು, ಮಂಗಳೂರು

ಉತ್ತರ: ಕೊಂಕಣಿಯ ‘ಪಂಚ್ವೀಸ್’ನಲ್ಲಿ ಐದು ಮೊದಲು ಕೇಳಿಸುತ್ತದೆ, ಇಪ್ಪತ್ತು ಆಮೇಲೆ. ಕಿವಿಗೆ ಬಿದ್ದ ಕ್ರಮದಲ್ಲೇ ಮಗು ಬರೆದಿರಬಹುದು. ಗದರಬೇಡಿ. ಹಿಡಿಸೂಡಿ (ಪೊರಕೆ) ಕಡ್ಡಿಗಳನ್ನು ಹತ್ತತ್ತರ ಕಟ್ಟು ಮಾಡಿ, ಕಟ್ಟುಗಳನ್ನು ಎಡಕ್ಕೆ, ಬಿಡಿ ಕಡ್ಡಿಗಳನ್ನು ಬಲಕ್ಕೆ ಇಡಿಸಿ. ಎರಡು ಕಟ್ಟು, ಐದು ಬಿಡಿ ಎಂದು ಹೇಳಿಸಿ, ಆಮೇಲೆ ಬರೆಸಿ. ಇಂಗ್ಲಿಷಿನ 13ರಿಂದ 19ರಲ್ಲೂ ಬಿಡಿಯೇ ಮೊದಲು ಕೇಳಿಸುವುದರಿಂದ, ಆ ಸಂಖ್ಯೆಗಳನ್ನು ಇನ್ನೂ ಕೆಲವು ದಿನ ಕಡ್ಡಿ ಇಟ್ಟುಕೊಂಡೇ ಬರೆಸಿ.