ಸೋಲಿಗರ ಪೋಡಿನಲ್ಲಿ ಮೊಬೈಲ್

ಪ್ರಶ್ನೆ: ಹೋದ ತಿಂಗಳು ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿದ್ದೆವು. ಅಲ್ಲಿನ ಬುಡಕಟ್ಟು ಜನರಾದ ಸೋಲಿಗರ ಪೋಡಿನಲ್ಲಿ (ಹಾಡಿಯಲ್ಲಿ) ಹುಡುಗರೆಲ್ಲ ಜೀನ್ಸ್ ಹಾಕಿಕೊಂಡು ಮೊಬೈಲ್ ನೋಡುತ್ತಿದ್ದರು. ಜಾಗತೀಕರಣ ಅವರ ಸಂಸ್ಕೃತಿಯನ್ನು ನುಂಗಿಹಾಕಿತಲ್ಲವೇ ಮೇಡಂ?
– ಓದುಗರೊಬ್ಬರು, ಮೈಸೂರು

ಉತ್ತರ: ಜೀನ್ಸ್ ತೊಟ್ಟ ಹುಡುಗರೇ ತಮ್ಮ ರೊಟ್ಟಿಹಬ್ಬದ ರಾತ್ರಿ ಸೋಲಿಗರ ಸಾಂಪ್ರದಾಯಿಕ ‘ಗೊರುಕನ’ ಹಾಡಿಗೆ ಹೆಜ್ಜೆ ಹಾಕುವುದನ್ನು ನಾನು ಕಂಡಿದ್ದೇನೆ. ಬಟ್ಟೆ ನೋಡಿ ತೀರ್ಮಾನಕ್ಕೆ ಬರಬೇಡಿ. ನನಗೆ ಚಿಂತೆ ಇರುವುದು ಲಂಟಾನದ್ದು.

ಹೌದು, ಅದೇ ಬೇಲಿಸಾಲಿನ ಬಣ್ಣದ ಹೂವಿನ ಗಿಡ. ಅದರ ತವರು ಅಮೆರಿಕ ಖಂಡ. ಬ್ರಿಟಿಷರ ಕಾಲದಲ್ಲಿ ಅಂದಕ್ಕೆಂದು ಬಂದದ್ದು ಈಗ ಬಿಳಿಗಿರಿಯ ಕಾಡಿನೊಳಗೆ ಕಾಲಿಡಲು ಬಿಡದಷ್ಟು ಹಬ್ಬಿದೆ. ಹಿಂದೆ ಸೋಲಿಗರು ಬಿಸಿಲು ಬಲಿಯುವ ಮೊದಲೇ ಒಣಗೆಲೆಗೆ ‘ತರಗು ಬೆಂಕಿ’ ಹಾಕುತ್ತಿದ್ದರು. ಕಳೆ ಅಲ್ಲೇ ಸಾಯುತ್ತಿತ್ತು, ನೆಲ್ಲಿಮರಕ್ಕೆ ಹತ್ತುವ ಬಂದಳಿಕೆ ‘ಉಪ್ಪಿಲು’ ಕೂಡ ಹತೋಟಿಯಲ್ಲಿರುತ್ತಿತ್ತು ಎನ್ನುತ್ತಾರೆ ಹಿರಿಯರು. 1974ರಲ್ಲಿ ಈ ಕಾಡು ಅಭಯಾರಣ್ಯವಾಯಿತು. ಆಮೇಲೆ ಆ ಬೆಂಕಿ ಹಾಕುವಂತಿಲ್ಲ, ಕಾಡೊಳಗೆ ಜಾಗ ಬದಲಿಸುತ್ತ ಮಾಡುತ್ತಿದ್ದ ಬೇಸಾಯವೂ ಇಲ್ಲ.

ಒಂದು ಸಲ ಅಜ್ಜಿಯೊಬ್ಬರ ಜೊತೆ ‘ನೂರೆ’ ಎಂಬ ಕಾಡುಗೆಣಸು ಹುಡುಕಲು ಹೋಗಿದ್ದೆ. ಲಂಟಾನದ ಮುಳ್ಳು ತರಚಿ ಅವರ ಮೊಣಕೈಯಲ್ಲಿ ರಕ್ತ. ಕೊನೆಗೂ ಬಳ್ಳಿ ಸಿಕ್ಕಿತು. ಕೋಲಿನಿಂದ ಮೊಣಕೈ ಆಳ ಅಗೆದು ಗೆಣಸು ತೆಗೆದರು. ಬಳ್ಳಿಯ ತಲೆಯನ್ನು ಮಾತ್ರ ಮತ್ತೆ ಗುಣಿಯಲ್ಲಿಟ್ಟು, ಮಣ್ಣು ಮುಚ್ಚಿ ಅಂಗೈಯಿಂದ ಒತ್ತಿದರು. ‘ಬರೋ ವರ್ಸಕ್ಕೆ ಬೇಕಲ್ಲ ಕನವ್ವ’ ಎಂದರು. ಗೆಣಸು ಕಾಣದ ಕಾಡಿನಲ್ಲಿ ಈ ಮಾತನ್ನು ಮಕ್ಕಳಿಗೆ ಯಾವ ಶಾಲೆ ಕಲಿಸೀತು? ಮೊಮ್ಮಗಳು ಪಕ್ಕದಲ್ಲೇ ನಿಂತು ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದುಕೊಳ್ಳುತ್ತಿದ್ದಳು.

ಪೇಟೆ ಬೆಲೆಯ ಪೆಟ್ಟು ಇನ್ನೊಂದು. ಪೋಡಿನ ಹಿತ್ತಲುಗಳಲ್ಲಿ ಈಗ ಕಾಫಿಯಿದೆ, ಮೆಣಸಿದೆ. ಬ್ರೆಜಿಲಿನಲ್ಲಿ ಹಿಮ ಬಿದ್ದರೆ ಇಲ್ಲಿ ರೇಟು ಏರುತ್ತದೆ, ಅಲ್ಲಿ ಫಸಲು ಹೆಚ್ಚಾದರೆ ಇಳಿಯುತ್ತದೆ. ಆದರೂ ಆ ದುಡ್ಡಿನಲ್ಲೇ ಮಕ್ಕಳ ಓದು ನಡೆಯುತ್ತಿರುವಾಗ ‘ರಾಗಿಯನ್ನೇ ಬೆಳೆಯಿರಿ, ಹಾಗೇ ಇರಿ’ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಕಾಡು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ 25 ಪೋಡುಗಳ ಗ್ರಾಮಸಭೆಗಳು ಸಮುದಾಯ ಅರಣ್ಯ ಹಕ್ಕುಪತ್ರ ಪಡೆದವು. ದೇಶದ ಯಾವ ಹುಲಿ ಕಾಡಿನಲ್ಲೂ ಅದಕ್ಕೆ ಮೊದಲು ಹಾಗಾಗಿರಲಿಲ್ಲ. ಜೇನು, ನೆಲ್ಲಿ, ಪಾಚಿ (ಕಲ್ಲುಹೂವು) ತರುವ ಹಕ್ಕು ಅದರಲ್ಲಿದೆ. ತಮ್ಮ ದೇವರ ತಾಣಗಳನ್ನು ಅವರೇ ನಕ್ಷೆಯಲ್ಲಿ ಗುರುತಿಸಿದ್ದಾರೆ. ದೊಡ್ಡಸಂಪಿಗೆ ಮರಕ್ಕೆ ಪೂಜೆ ಇಂದಿಗೂ ನಡೆಯುತ್ತಿದೆ. ಮತ್ತೆ ಹೋದರೆ ಆ ಹುಡುಗರ ಪಕ್ಕ ಕುಳಿತು, ಮೊಬೈಲಿನಲ್ಲಿ ಏನಿದೆ ತೋರಿಸಿ ಎಂದು ಕೇಳಿ. ನನಗೆ ತೋರಿಸಿದ್ದು ಅವರಜ್ಜನ ಹಾಡು.