ತಾರೀಕಿಗೆ 30 ಕೂಡಿಸಿದರೆ ತಿಂಗಳಾಗುವುದಿಲ್ಲ

ಪ್ರಶ್ನೆ: ಮಲ್ಪೆಯ ಒಂದು ಸೊಸೈಟಿಯ ಲೆಕ್ಕ ನೋಡಿಕೊಳ್ಳುತ್ತೇನೆ. ಸಾಲದ ಮುಂದಿನ ಕಂತು ಯಾವಾಗ ಅಂತ ತಿಳಿಯಲು ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಇವತ್ತಿನ ತಾರೀಕು ಕೊಡುವ ಕರ್‌ಡೇಟ್‌ಗೆ 30 ಕೂಡಿಸಿದೆ. 2024ರ ಜನವರಿ 31ರಂದು 20240161 ಅಂತ ಬಂತು! ಯಾಕೆ ಸರ್?
– ಓದುಗರು, ಉಡುಪಿ

ಉತ್ತರ: ಪ್ಲಸ್ ಹಾಕಿದ ಕೂಡಲೇ ಮೈಎಸ್‌ಕ್ಯೂಎಲ್ ತಾರೀಕನ್ನು ಬರೀ ಸಂಖ್ಯೆ ಮಾಡಿಕೊಳ್ಳುತ್ತದೆ, 20240131 ಅಂತ, ಅದಕ್ಕೆ 30 ಸೇರಿ ಕೊನೆಗೆ 61 ಆಯ್ತು. ತಾರೀಕಿಗೆ ದಿನ, ತಿಂಗಳು ಕೂಡಿಸಲೆಂದೇ ಇರುವ ಡೇಟ್_ಆ್ಯಡ್ ಬಳಸಿ. ಒಳಗೆ ಇಂಟರ್ವಲ್ 1 ಮಂತ್ ಅಂತ ಕೊಟ್ಟರೆ ಫೆಬ್ರವರಿ 29 ಸರಿಯಾಗಿ ಸಿಗುತ್ತದೆ. ಆದರೆ ಆ 29ಕ್ಕೇ ಮತ್ತೊಂದು ತಿಂಗಳು ಕೂಡಿಸಬೇಡಿ, ಮಾರ್ಚ್ 31ರ ಬದಲು ಮಾರ್ಚ್ 29 ಆಗಿಬಿಡುತ್ತದೆ, ಎರಡು ದಿನ ಮೊದಲೇ ದಂಡ ಬಿದ್ದರೆ ಬೋಟಿಗೆ ಸಾಲ ತೆಗೆದವರಿಗೆ ಅನ್ಯಾಯ ಅಲ್ವಾ? ಸಾಲ ಕೊಟ್ಟ ದಿನದಿಂದಲೇ 2 ತಿಂಗಳು, 3 ತಿಂಗಳು ಅಂತ ಪ್ರತಿ ಸಲ ಹೊಸದಾಗಿ ಎಣಿಸಿ.