ಟಿವಿ, ಫೋನು, ಎಲ್‌ಕೆಜಿ: ಟೀಚರುಗಳ ಪ್ರಶ್ನೆಗೆ ಉತ್ತರ

ಪ್ರಶ್ನೆ: ಖಾಸಗಿ ಶಾಲೆಯಲ್ಲಿ ಎಲ್‌ಕೆಜಿ ಟೀಚರ್ ನಾನು. ಈ ವರ್ಷ ತರಗತಿಗೆ ದೊಡ್ಡ ಟಿವಿ ಹಾಕಿಸಿದ್ದಾರೆ. ದಿನಕ್ಕೊಂದು ಗಂಟೆ ಪದ್ಯದ ವಿಡಿಯೊ ಹಾಕಬೇಕಂತೆ. ಹಾಕಿದಷ್ಟು ಹೊತ್ತು ಮಕ್ಕಳು ಗಪ್‌ಚುಪ್. ಆರಿಸಿದ ಮೇಲೆ ಯಾರೂ ಹಿಡಿತಕ್ಕೆ ಸಿಗುವುದಿಲ್ಲ. ಏನು ಮಾಡಲಿ?
– ಎಲ್‌ಕೆಜಿ ಶಿಕ್ಷಕಿ, ದಾವಣಗೆರೆ

ಉತ್ತರ: ಮೊದಲು ಆ ಒಂದು ಗಂಟೆಯ ಮಾತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿರುವ ಮಿತಿ, ಮೂರು-ನಾಲ್ಕು ವರ್ಷದವರು ಕೂತು ಪರದೆ ನೋಡುವುದು ಇಡೀ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು. ಮನೆಯಲ್ಲಿ ಊಟದ ಹೊತ್ತಿಗೆ ನೋಡುವ ಫೋನೂ ಆ ಲೆಕ್ಕದಲ್ಲೇ ಬರುತ್ತದೆ. ಶಾಲೆಯೇ ಪೂರ್ತಿ ಗಂಟೆ ಬಳಸಿದರೆ ಮಗು ಮಿತಿ ದಾಟಿಯೇ ಮಲಗುತ್ತದೆ. ಮುಖ್ಯೋಪಾಧ್ಯಾಯರಿಗೆ ಇದನ್ನು ಹೇಳಲು ಸಂಕೋಚ ಬೇಡ.

ಆರಿಸಿದ ಮೇಲೆ ಗಲಾಟೆ ಯಾಕೆ? ಒಂದು ವಿಡಿಯೊ ಮುಗಿಯುತ್ತಲೇ ಇನ್ನೊಂದು ತಾನಾಗಿ ಶುರುವಾಗುತ್ತದೆ, ಮಗುವಿಗೆ ‘ಮುಗಿಯಿತು’ ಅನ್ನುವ ಗುರುತೇ ಸಿಗುವುದಿಲ್ಲ. ಅಷ್ಟು ಹೊತ್ತೂ ಕೈಕಾಲಿಗೆ ಕೆಲಸವಿರುವುದಿಲ್ಲ. ಮುಂದಿನ ಚಟುವಟಿಕೆಯ ಸಾಮಾನು ನೀವು ಹುಡುಕುತ್ತಿರುವಾಗಲೇ ಟಿವಿ ನಿಂತಿರುತ್ತದೆ.

ಹೀಗೆ ಮಾಡಿ ನೋಡಿ. ಎರಡು-ಮೂರು ನಿಮಿಷದ ಒಂದೇ ಪದ್ಯ ಆರಿಸಿ, ಹಿಂದಿನ ದಿನವೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಜಾಹೀರಾತಿನ ಕಾಟ ತಪ್ಪುತ್ತದೆ. ಆಟೋಪ್ಲೇ ಬಂದ್ ಮಾಡಿ. ಮೊದಲ ಸಲ ದನಿಯೊಂದಿಗೆ ಕೇಳಿಸಿ. ಎರಡನೇ ಸಲ ದನಿ ತೆಗೆದು ಚಿತ್ರ ಮಾತ್ರ ಓಡಿಸಿ, ಮಕ್ಕಳೇ ಹಾಡಲಿ. ಮೂರನೇ ಸಲ ಟಿವಿ ಬಂದ್, ಎದ್ದು ನಿಂತು ಅಭಿನಯ. ಶುರು ಮಾಡುವ ಮುಂಚೆಯೇ “ಎರಡು ಸಲ ನೋಡ್ತೀವಿ, ಆಮೇಲೆ ಟಿವಿ ಬಂದ್, ಎಲ್ಲರೂ ಎದ್ದು ಕುಣಿಯೋಣ” ಎಂದು ಹೇಳಿ. ರಿಮೋಟ್ ಒತ್ತುವ ಪಾಳಿ ದಿನಕ್ಕೊಂದು ಮಗುವಿಗೆ ಕೊಡಿ. ಸ್ನೇಹಿತ ಟಿವಿ ಬಂದ್ ಮಾಡಿದರೆ ತಕರಾರು ಕಡಿಮೆ. ಒಟ್ಟು ಹತ್ತು ನಿಮಿಷದ ಕೆಲಸ, ಅದರಲ್ಲಿ ಪರದೆ ಐದಾರು ನಿಮಿಷ ಮಾತ್ರ.

ಟಿವಿಯನ್ನು ಗೋಡೆಯಲ್ಲಿ ತೀರಾ ಎತ್ತರಕ್ಕೆ ಬಿಗಿದಿದ್ದರೆ ಮುಂದಿನ ಸಾಲಿನ ಮಕ್ಕಳು ಕತ್ತೆತ್ತಿಯೇ ಕೂರಬೇಕು. ಜಮಖಾನೆಯನ್ನು ಹಿಂದಕ್ಕೆ ಎಳೆದುಕೊಳ್ಳಿ.

ಪ್ರಶ್ನೆ: ನಾನು ಅಂಗನವಾಡಿ ಕಾರ್ಯಕರ್ತೆ. ಮಕ್ಕಳ ಹಾಜರಾತಿ, ತೂಕ ದಾಖಲಿಸುವ ಪೋಷಣ್ ಟ್ರ್ಯಾಕರ್ ಆ್ಯಪಿನ ಕೆಲಸಕ್ಕೆ ಫೋನಿದೆ, ನೆಟ್‌ವರ್ಕ್ ಮಾತ್ರ ಬಂದರೆ ಬಂತು. ಇದೇ ಫೋನಿನಿಂದ ಮಕ್ಕಳಿಗೆ ಏನಾದರೂ ಕಲಿಸಬಹುದೇ?
– ಅಂಗನವಾಡಿ ಕಾರ್ಯಕರ್ತೆ, ಹಿರಿಯೂರು ತಾಲ್ಲೂಕು

ಉತ್ತರ: ಖಂಡಿತ, ಅದೂ ನೆಟ್‌ವರ್ಕ್ ಇಲ್ಲದೆ. ಫೋನಿನ ಕ್ಯಾಮೆರಾ ಮತ್ತು ರೆಕಾರ್ಡರ್ ಸಾಕು.

ಮೊಳಕೆಯ ಪಾಠ ಇದಕ್ಕೆ ಹೇಳಿ ಮಾಡಿಸಿದಂಥದ್ದು. ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಯನ್ನು ಅರ್ಧಕ್ಕೆ ಕತ್ತರಿಸಿ, ಕೈಗೆ ಗೀರದಂತೆ ಅಂಚಿಗೆ ಟೇಪ್ ಸುತ್ತಿ. ಒಳಗೋಡೆಗೆ ಒದ್ದೆ ಹತ್ತಿಬಟ್ಟೆ ಹೊದಿಸಿ, ರಾತ್ರಿ ನೆನೆಸಿದ ನಾಲ್ಕು ಅಲಸಂದೆ ಕಾಳುಗಳನ್ನು ಬಟ್ಟೆಗೂ ಬಾಟಲಿಗೂ ನಡುವೆ ಸಿಗಿಸಿ. ಕಾಳು ಹೊರಗಿನಿಂದ ಕಾಣಬೇಕು. ತಳದಲ್ಲಿ ಬೆರಳಗಲ ನೀರಿರಲಿ, ಬಟ್ಟೆ ಅದನ್ನು ಮೇಲಕ್ಕೆ ಹೀರಿಕೊಳ್ಳುತ್ತದೆ, ಭಾನುವಾರವೂ ಒಣಗುವುದಿಲ್ಲ. ನೀರು ಕಾಳಿನ ಮಟ್ಟಕ್ಕೆ ಏರಿತೋ, ಕೊಳೆತು ವಾಸನೆ ಬರುತ್ತದೆ.

ಕಿಟಕಿ ಪಕ್ಕ ಬಾಟಲಿ ಇಟ್ಟು ಸುತ್ತ ಸುಣ್ಣದಕಡ್ಡಿಯಲ್ಲಿ ಗುರುತು ಹಾಕಿ. ಹಿಂದೆ ಕರಿ ಸ್ಲೇಟು ನಿಲ್ಲಿಸಿ. ಫೋನು ನಿಲ್ಲಿಸಲು ಎರಡು ಇಟ್ಟಿಗೆ, ಅವಕ್ಕೂ ಗುರುತು. ಕೇಂದ್ರ ತೆರೆದ ದಿನವೆಲ್ಲ ಒಂದೇ ಹೊತ್ತಿಗೆ ಒಂದೇ ಜಾಗದಿಂದ ಒಂದು ಫೋಟೊ. ಫ್ಲ್ಯಾಶ್ ಹಾಕಬೇಡಿ, ಬಾಟಲಿ ಮೇಲೆ ಬೆಳಕು ಹೊಳೆದು ಕಾಳೇ ಕಾಣುವುದಿಲ್ಲ. ಎರಡು-ಮೂರು ದಿನಕ್ಕೆ ಬೇರು ಕೆಳಗಿಳಿಯುತ್ತದೆ, ವಾರದ ಹೊತ್ತಿಗೆ ಎಲೆ ಕಾಣಬಹುದು. ಆಮೇಲೆ ಐದಾರು ಮಕ್ಕಳ ಗುಂಪು ಕೂರಿಸಿ ಫೋಟೊಗಳನ್ನು ಬೇಗ ಬೇಗ ಸರಿಸಿ. ಒಂದು ವಾರದಲ್ಲಿ ನಡೆದದ್ದು ಕಣ್ಣೆದುರೇ ಓಡುತ್ತದೆ. ಪಕ್ಕದಲ್ಲಿ ನಿಜವಾದ ಗಿಡ ಇರಲೇಬೇಕು. ಅದನ್ನು ಮುಟ್ಟಿ ನೋಡದ ಮಗುವಿಗೆ ಫೋಟೊ ಮತ್ತೊಂದು ಚಿತ್ರ ಅಷ್ಟೇ.

ಇನ್ನು ರೆಕಾರ್ಡರ್. ಊರಿನ ಅಜ್ಜಿಯೊಬ್ಬರನ್ನು ಕರೆದು ಅವರ ಮಾತಿನಲ್ಲೇ ಐದು ನಿಮಿಷದ ಕಥೆ ಹೇಳಿಸಿ, ರೆಕಾರ್ಡ್ ಮಾಡಿಕೊಳ್ಳಿ. ಸಾಮಾನ್ಯ ಗುಣಮಟ್ಟದಲ್ಲಿ ನಿಮಿಷಕ್ಕೆ ಸುಮಾರು ಒಂದು ಎಂಬಿ ಆಗುತ್ತದೆ, ಫೋನು ತುಂಬುವ ಭಯವಿಲ್ಲ. ಕೇಳಿಸುವಾಗ ಏರ್‌ಪ್ಲೇನ್ ಮೋಡ್ ಹಾಕಿ, ನಡುವೆ ಕರೆ ಬರುವುದಿಲ್ಲ. ಹಾಜರಾತಿ ದಾಖಲಿಸಿದ ಮೇಲೆಯೇ ಇವೆಲ್ಲ. ಒಂದು ಕಣ್ಣು ಆ್ಯಪ್ ಮೇಲೆ, ಒಂದು ಕಣ್ಣು ಮಕ್ಕಳ ಮೇಲೆ ಇಟ್ಟರೆ ಎರಡೂ ಕೆಡುತ್ತವೆ.

ಪ್ರಶ್ನೆ: ಆನ್‌ಲೈನ್ ತರಬೇತಿ ಮುಗಿಸಿ ಸರ್ಟಿಫಿಕೇಟ್ ಬೇಕಾದಷ್ಟು ಪಡೆದಿದ್ದೇನೆ. ಪಾಠ ಮಾಡುವ ರೀತಿ ಮಾತ್ರ ಬದಲಾದಂತೆ ಕಾಣುತ್ತಿಲ್ಲ. ನಿಜವಾಗಿ ಬೆಳೆಯುವುದು ಹೇಗೆ?
– ಯುಕೆಜಿ ಶಿಕ್ಷಕಿ, ಹುಬ್ಬಳ್ಳಿ

ಉತ್ತರ: ನಿಮ್ಮದೇ ತರಗತಿಯ ಐದು ನಿಮಿಷದ ದನಿಯನ್ನು ಕೇಳಿಸಿಕೊಳ್ಳಿ. ಇದಕ್ಕಿಂತ ಒಳ್ಳೆಯ ತರಬೇತಿ ಅಪರೂಪ, ಖರ್ಚೂ ಇಲ್ಲ.

ಕಥೆ ಹೇಳಿ ಮಾತಾಡಿಸುವ ಹೊತ್ತಿನಲ್ಲಿ ಫೋನನ್ನು ಮಡಿಸಿದ ಬಟ್ಟೆಯ ಮೇಲೆ, ಮಕ್ಕಳ ಕಡೆಗೆ ಇಡಿ. ಮೇಜಿನ ಮೇಲಿಟ್ಟರೆ ನಿಮ್ಮ ದನಿ ಮತ್ತು ಮೇಜಿನ ಸದ್ದು ಮಾತ್ರ ಸಿಗುತ್ತದೆ, ಫ್ಯಾನ್ ಕೆಳಗಾದರೆ ಗಾಳಿಯ ಸದ್ದು. ಸಂಜೆ ಹಾಳೆಯಲ್ಲಿ ಮೂರು ಸಾಲು ಎಳೆದು ಕೇಳಿ: ಒಂದೇ ಪದದ ಉತ್ತರ ಬರುವ ಪ್ರಶ್ನೆ ಎಷ್ಟು, ಯೋಚಿಸಬೇಕಾದ ಪ್ರಶ್ನೆ ಎಷ್ಟು, ಪ್ರಶ್ನೆ ಕೇಳಿದ ಮೇಲೆ ಎಷ್ಟು ಸೆಕೆಂಡ್ ಕಾದಿರಿ.

ಮೂರನೆಯ ಸಾಲೇ ಮುಖ್ಯ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಕಂಡುಕೊಂಡದ್ದು, ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಒಂದು ಸೆಕೆಂಡಿನಷ್ಟು ಮಾತ್ರ ಎಂದು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವ ಮಕ್ಕಳೂ ಬಾಯಿಬಿಡುತ್ತಾರೆ. ಅವರು ನೋಡಿದ್ದು ದೊಡ್ಡ ಮಕ್ಕಳನ್ನು. ಐದು ವರ್ಷದ ಮಗುವಿಗೆ ಪದ ಹುಡುಕಲು ಇನ್ನೂ ಹೊತ್ತು ಬೇಕು. ಮನಸ್ಸಿನಲ್ಲೇ ಐದರವರೆಗೆ ಎಣಿಸಿ.

ಉದಾಹರಣೆಗೆ, ಚಿತ್ರದಲ್ಲಿ ಮರಿಯಾನೆ ಹೊಳೆ ದಡದಲ್ಲಿ ಒಂಟಿಯಾಗಿ ನಿಂತಿದೆ ಅನ್ನಿ. “ಇದೇನು?” “ಆನೆ.” “ವೆರಿ ಗುಡ್.” ಮಾತು ಅಲ್ಲಿಗೆ ಮುಗಿಯಿತು. ಅದರ ಬದಲು “ಇದು ಯಾಕೆ ಇಲ್ಲೇ ನಿಂತಿದೆ?” ಎಂದು ಕೇಳಿ ಕಾದರೆ, “ಅವ್ವ ಆಕಡೆ ಹೋಗ್ಯಾಳ” ಎಂಬಂಥ ಉತ್ತರ ಬರಲು ಜಾಗ ಸಿಗುತ್ತದೆ. ಬಂದಾಗ ‘ವೆರಿ ಗುಡ್’ ಬೇಡ, “ಹೌದಾ? ನಿನಗೆ ಹೆಂಗ ಗೊತ್ತಾತು?” ಎನ್ನಿ. ಮನೆಮಾತನ್ನು ಅಲ್ಲೇ ತಿದ್ದಬೇಡಿ.

ಒಂದು ಸಲಕ್ಕೆ ಒಂದೇ ಬದಲಾವಣೆ, ಎರಡು ವಾರ ಅದನ್ನೇ ರೂಢಿಸಿ ಮತ್ತೆ ರೆಕಾರ್ಡ್ ಮಾಡಿ. ನಂಬಿಕೆಯ ಸಹೋದ್ಯೋಗಿಗೆ ಕೇಳಿಸುವುದಾದರೆ “ಹೇಗಿದೆ?” ಎನ್ನಬೇಡಿ, ಅದಕ್ಕೆ ಬರುವುದು “ಚೆನ್ನಾಗಿದೆ” ಮಾತ್ರ. “ಇದರಲ್ಲಿ ಯಾವ ಮಗು ಒಂದು ಸಲವೂ ಮಾತಾಡಿಲ್ಲ?” ಎಂದು ಕೇಳಿ. ಮುಂದಿನ ಕೋರ್ಸ್ ಆರಿಸುವಾಗಲೂ ತರಗತಿಯಲ್ಲಿ ಮಾಡಿ ನೋಡಿ ಬರೆಯಲು ಹೇಳುವಂಥದ್ದನ್ನೇ ಹಿಡಿಯಿರಿ.

ಪ್ರಶ್ನೆ: ಪಾಲಕರ ವಾಟ್ಸಾಪ್ ಗ್ರೂಪಿಗೆ ದಿನಾ ಮಕ್ಕಳ ಫೋಟೊ ಹಾಕುವುದು ಸರಿಯೇ?
– ಶಿಕ್ಷಕಿ, ಮೈಸೂರು

ಉತ್ತರ: ದಿನಾ ಬೇಡ, ಒಪ್ಪಿಗೆಯಿಲ್ಲದೆ ಎಂದೂ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದೊಳಗಿನವರೆಲ್ಲ ಮಕ್ಕಳೇ, ಅವರ ಮಾಹಿತಿಗೆ ಪಾಲಕರ ಒಪ್ಪಿಗೆ ಮುಖ್ಯ. ವರ್ಷದ ಆರಂಭದಲ್ಲೇ ಬರಹದಲ್ಲಿ ಪಡೆಯಿರಿ. ‘ಬೇಡ’ ಎಂದವರ ಪಟ್ಟಿ ಬೀರುವಿನ ಬಾಗಿಲ ಒಳಗೆ ಅಂಟಿಸಿ. ಗ್ರೂಪಿಗೆ ಮುಖ ಕಾಣುವ ಫೋಟೊಗಿಂತ ಮಣ್ಣು ಕಲಸುತ್ತಿರುವ ಕೈ, ಕಟ್ಟಿ ಮುಗಿಸಿದ ಬ್ಲಾಕು ಮನೆ ಸಾಕು. ಜೊತೆಗೆ ಒಂದು ಸಾಲು ಬರೆಯಿರಿ: “ಇವತ್ತು ನೀರಲ್ಲಿ ಯಾವುದು ತೇಲಿತು, ಯಾವುದು ಮುಳುಗಿತು ಅಂತ ಕೇಳಿ.” ಮನೆಯಲ್ಲಿ ಮಾತು ಶುರುವಾಗಲು ಅಷ್ಟು ಸಾಕು. ಅಳುತ್ತಿರುವ, ಬಟ್ಟೆ ಬದಲಿಸುತ್ತಿರುವ ಫೋಟೊ, ತೂಕದ ಪಟ್ಟಿ ಗ್ರೂಪಿಗೆ ಹೋಗಲೇಬಾರದು. ಒಂದು ಮಗುವಿನ ವಿಚಾರ ಆ ಮಗುವಿನ ಪಾಲಕರಿಗೆ ಮಾತ್ರ, ಆದಷ್ಟೂ ಎದುರಾಎದುರು. ಫೋಟೊ ನಿಮ್ಮ ಸ್ವಂತ ಫೋನಿನಲ್ಲಿದ್ದರೆ ಅದು ಬ್ಯಾಕಪ್‌ಗೂ ಹೋಗಿರಬಹುದು, ಅಳಿಸುವಾಗ ಎರಡೂ ಕಡೆ ನೋಡಿ.